ಪಶ್ಚಿಮದ ಗೋಡೆಗೆ ಹಂಚು ಹೊದಿಸಿದ್ದು

ಉಡುಪಿಯಿಂದ ಆಗುಂಬೆ ಕಡೆಗೆ ಹೋಗುವ ರಸ್ತೆಯಲ್ಲಿ ಪೆರ್ಡೂರು ದಾಟಿದ ಮೇಲೆ ಸಪಾಟು ನೆಲ ಸಿಗುವುದೇ ಕಡಿಮೆ. ಗದ್ದೆ ಕೆಳಗೆ, ಅದರ ಪಕ್ಕ ತೋಟ, ಮನೆ ಸ್ವಲ್ಪ ಮೇಲೆ, ಆಮೇಲೆ ಗುಡ್ಡೆ. ಪಾಲಿನಲ್ಲಿ ನಮಗೆ ಬಂದದ್ದು ಗುಡ್ಡೆ. ಗದ್ದೆ, ತೋಟ ಎಲ್ಲ ಇವರ, ಅಂದರೆ ನನ್ನ ಗಂಡನ, ಅಣ್ಣಂದಿರಿಗೆ ಹೋಯಿತು. ಬೇಸರವೇನಿಲ್ಲ, ನೋಟ ನಮ್ಮ ಪಾಲಿಗೆ ಬಂತಲ್ಲ. ಪೂರ್ವಕ್ಕೆ ಜಾಗ ಇಳಿಯುತ್ತಾ ಹೋಗುತ್ತದೆ. ಅದರಾಚೆ ಘಟ್ಟದ ಸಾಲು. ಪಶ್ಚಿಮಕ್ಕೆ ಬೋಳು ಪಾದೆ, ಅಂದರೆ ಬಂಡೆ ಹಾಸು. ಕಡಲಿನ ಕಡೆಯಿಂದ ಬರುವ ಗಾಳಿಗೆ ಅಲ್ಲಿ ಒಂದು ಮರವೂ ಅಡ್ಡ ಇಲ್ಲ.

ಜಾಗದ ಕನ್ವರ್ಷನ್, ನೈನ್ ಇಲೆವೆನ್ ಎಂಬ ಆಸ್ತಿ ದಾಖಲೆ, ಪಂಚಾಯತ್ ಲೈಸೆನ್ಸ್ ಇವೆಲ್ಲ ಬೇರೆಯೇ ಪುರಾಣ. ಇಲ್ಲಿ ಬೇಡ. ಒಳಗಿನ ಪ್ಲಾನ್ ಕೂಡ ಬೇಗ ಮುಗಿಯಿತು. ಎರಡು ಕೋಣೆ, ಅಡುಗೆಮನೆ, ಚಾವಡಿ, ಮೇಲೆ ಅರ್ಧ ಅಂತಸ್ತು. ಜಾಸ್ತಿ ಚರ್ಚೆ ಆದದ್ದು ಮನೆಯ ಹೊರಮೈ ಹೇಗಿರಬೇಕು ಎಂಬುದರ ಬಗ್ಗೆ. ನನ್ನದು ಒಂದೇ ಹಟ: ಹೊರಗೆ ಪೇಂಟ್ ಬೇಡ. ಉಡುಪಿಯಲ್ಲಿ ನಾವಿದ್ದ ಬಾಡಿಗೆ ಮನೆಯ ಗೋಡೆ ಪ್ರತಿ ಮಳೆಗಾಲ ಕಪ್ಪಾಗುತ್ತಿತ್ತು. ಪೇಂಟ್ ಹೊಡೆಸುವುದು, ಅದು ಗುಳ್ಳೆ ಎದ್ದು ಸಿಪ್ಪೆ ಸುಲಿಯುವುದು, ಮತ್ತೆ ಹೊಡೆಸುವುದು. ಕಲ್ಲು, ಹಂಚು, ಮರ, ಇವಿಷ್ಟೇ ಕಾಣುವ ಮನೆ ಬೇಕು ಎಂದೆ. ಹಳೆ ಕಾಲದ ಮನೆಯ ನಕಲು ಬೇಡ. ಗೆರೆಗಳು ನೇರವಾಗಿರಲಿ, ದೊಡ್ಡ ಕಿಟಕಿ ಇರಲಿ, ಬಳಸುವ ವಸ್ತು ಮಾತ್ರ ಇಲ್ಲಿನದೇ ಆಗಿರಲಿ.

ಫೋನಿನಲ್ಲಿ ಚಿತ್ರಗಳ ರಾಶಿ ಇಟ್ಟುಕೊಂಡಿದ್ದೆ. ಹೆಚ್ಚಿನವು ಯುರೋಪಿನ ಬೆಟ್ಟದ ಮನೆಗಳು. ಕೆಳಗೆ ಒರಟು ಕಲ್ಲು, ಮೇಲೆ ಬೂದು ಬಣ್ಣಕ್ಕೆ ತಿರುಗಿದ ಮರದ ಹಲಗೆ, ಒಂದು ಇಡೀ ಗೋಡೆ ಗಾಜು. ಆರ್ಕಿಟೆಕ್ಟ್ ನನ್ನ ಮಗಳ ಪ್ರಾಯದವಳು, ಮಣಿಪಾಲದಲ್ಲಿ ಓದಿದವಳು. ಎಲ್ಲವನ್ನೂ ತಾಳ್ಮೆಯಿಂದ ನೋಡಿದಳು. ಆಮೇಲೆ ಕೇಳಿದಳು, "ಆಂಟಿ, ಇದರಲ್ಲಿ ಮಳೆ ಯಾವ ಕಡೆಯಿಂದ ಬರ್ತದೆ?"

ನನಗೆ ಹೇಗೆ ಗೊತ್ತಿರಬೇಕು?

ಅವಳು ಎರಡು ಕಟ್ಟಡ ತೋರಿಸಿದಳು. ಎರಡೂ ಸ್ವಿಟ್ಜರ್ಲೆಂಡಿನವು, ಪೀಟರ್ ಜುಮ್ತೋರ್ ಎಂಬ ವಾಸ್ತುಶಿಲ್ಪಿಯವು. ಒಂದು, ವಾಲ್ಸ್ ಎಂಬ ಹಳ್ಳಿಯಲ್ಲಿ 1996ರಲ್ಲಿ ಮುಗಿದ ಬಿಸಿನೀರಿನ ಸ್ನಾನಗೃಹ. ಅದೇ ಕಣಿವೆಯ ಕೋರೆಯಿಂದ ತೆಗೆದ ಸುಮಾರು 60 ಸಾವಿರ ಕಲ್ಲಿನ ಹಲಗೆಗಳನ್ನು ಪದರ ಪದರವಾಗಿ ಇಟ್ಟು ಕಟ್ಟಿದ್ದು. ಇನ್ನೊಂದು, ಸುಮ್ವಿಟ್ಗ್ ಎಂಬಲ್ಲಿ 1988ರಲ್ಲಿ ಕಟ್ಟಿದ ಸಣ್ಣ ಚಾಪೆಲ್. ಅದರ ಹೊರಮೈ ಪೂರ್ತಿ ಮರದ ಚಿಕ್ಕ ಚಿಕ್ಕ ಬಿಲ್ಲೆಗಳು, ಒಂದರ ಮೇಲೊಂದು ಅರ್ಧ ಮುಚ್ಚುವ ಹಾಗೆ. ಬಣ್ಣವಿಲ್ಲ, ವಾರ್ನಿಶ್ ಇಲ್ಲ. ಬಿಸಿಲು ಬೀಳುವ ಕಡೆ ಕಪ್ಪುಗಂದು ಆಗಿದೆ, ಉತ್ತರದ ಕಡೆ ಬೆಳ್ಳಿಯ ಬೂದು. ಮರ ಒಂದೇ, ಬಣ್ಣ ಎರಡು. ಆಲ್ಪ್ಸ್ ಕಡೆಯ ಹಳೆ ರೈತರ ಮನೆಗಳಲ್ಲೂ ಮಳೆಗಾಳಿ ಬಡಿಯುವ ಗೋಡೆಗೆ ಹೀಗೆ ಬಿಲ್ಲೆ ಹೊದಿಸುವ ಪದ್ಧತಿ ಇದೆಯಂತೆ. ಉಳಿದ ಗೋಡೆಗಳಿಗೆ ಅಷ್ಟು ಆರೈಕೆ ಇಲ್ಲ.

"ಅವರಲ್ಲೂ ಗಾಳಿ ನೋಡಿಯೇ ಗೋಡೆ ಮಾಡಿದ್ದು" ಎಂದಳು. "ಚಂದ ಆಮೇಲೆ ಬಂದದ್ದು. ಸ್ವಿಟ್ಜರ್ಲೆಂಡ್ ಇಷ್ಟು ಸಾಕು. ಈಗ ಮೂಡುಬಿದಿರೆಗೆ ಹೋಗಿ ಬನ್ನಿ. ಮಾಡು (ಚಾವಣಿ) ಮಾತ್ರ ನೋಡಿ."

ಸಾವಿರ ಕಂಬದ ಬಸದಿಯನ್ನು ಶಾಲೆಯ ಟೂರಿನಲ್ಲಿ ನೋಡಿದ್ದೆ. ಆಗ ಎಲ್ಲರೂ ಕಂಬ ಲೆಕ್ಕ ಮಾಡುವುದರಲ್ಲೇ ಇದ್ದೆವು. ಈ ಸಲ ತಲೆ ಎತ್ತಿ ನೋಡಿದೆ. 1430ರಲ್ಲಿ ಕಟ್ಟಿದ ಬಸದಿ. ಕಲ್ಲಿನ ಚಪ್ಪಡಿಯನ್ನೇ ಇಳಿಜಾರಾಗಿ ಇಟ್ಟು, ಮರದ ಮಾಡಿನ ಹಾಗೆ ಗೋಡೆಯಿಂದ ಹೊರಗೆ ಚಾಚಿದ್ದಾರೆ. ಘಟ್ಟದ ಮೇಲಿನ ಹೆಚ್ಚಿನ ಕಲ್ಲಿನ ದೇವಸ್ಥಾನಗಳಿಗೆ ಹೀಗೆ ಮಾಡಿಲ್ಲ. ಇಲ್ಲಿ ಕರಾವಳಿಯ ಮಳೆಗೆ ಕಲ್ಲೂ ಬಾಗಬೇಕಾಯಿತು. ಆಮೇಲೆ ಮಣಿಪಾಲದ ಹಸ್ತಶಿಲ್ಪಕ್ಕೂ ಹೋದೆವು. ಕೆಡವಲು ಹೊರಟಿದ್ದ ಹಳೆ ಮನೆಗಳನ್ನು ವಿಜಯನಾಥ ಶೆಣೈಯವರು ಬಿಡಿಬಿಡಿಯಾಗಿ ತಂದು ಮತ್ತೆ ನಿಲ್ಲಿಸಿದ ಜಾಗ ಅದು. ಅಲ್ಲಿನ ಕೆತ್ತನೆ ನೋಡುತ್ತಾ ಇವರು ಹಿಂದೆ ಉಳಿದರು. ನಾನು ಜಗಲಿ ಎಷ್ಟು ಅಗಲ, ಮಾಡು ಎಷ್ಟು ಕೆಳಗೆ ಬಂದಿದೆ ಎಂದು ಕೈಯಲ್ಲಿ ಅಳೆಯುತ್ತಾ ಹೋದೆ.

ಜಾಗಕ್ಕೆ ವಾಪಸ್ ಬಂದರೆ ಮೊದಲ ಜಗಳ ಜೆಸಿಬಿಯದ್ದು. ಗುಡ್ಡೆಯನ್ನು ಕಡಿದು ಸಪಾಟು ಮಾಡಿ, ಸುತ್ತ ಎತ್ತರದ ಗೋಡೆ ಕಟ್ಟಿ, ಮಧ್ಯೆ ಮನೆ. ಇದು ನಮ್ಮ ನೆಂಟರೆಲ್ಲರ ಸಲಹೆ. ಈಗ ಊರಲ್ಲಿ ಎಲ್ಲರೂ ಮಾಡುವುದೂ ಅದನ್ನೇ. ಎಂಜಿನಿಯರ್ ಮಾತ್ರ ಒಪ್ಪಲಿಲ್ಲ. ಪಕ್ಕದವರ ಬಾವಿಯ ಹತ್ತಿರ ನಮ್ಮನ್ನು ನಿಲ್ಲಿಸಿ, ಒಳಗೆ ಬಗ್ಗಿ ನೋಡಲು ಹೇಳಿದರು. ಮೇಲೆ ಕೆಂಪು ಮುರ, ಅಂದರೆ ಜಂಬಿಟ್ಟಿಗೆ. ಗಟ್ಟಿಯಾಗಿದೆ. ಕೆಲವು ಕೋಲು ಇಳಿದ ಮೇಲೆ ಬಣ್ಣ ಬದಲಾಗುತ್ತದೆ. ಬಿಳಿ, ಹಳದಿ, ಅಲ್ಲಲ್ಲಿ ನಸುಗೆಂಪು. ಅದು ಶೇಡಿ ಮಣ್ಣು. ಒಣಗಿದ್ದಾಗ ಕಲ್ಲಿನಷ್ಟು ಜಂಬ, ನೀರು ಕುಡಿದರೆ ಮೊಸರಿನ ಹಾಗೆ ಜಾರುತ್ತದೆ. ಗೋವಾದಿಂದ ಕೇರಳದವರೆಗೆ ಕರಾವಳಿಯ ಮುರದ ಅಡಿಯಲ್ಲಿ ಇದು ಇದೆ. ಸುರತ್ಕಲ್ಲಿನ ಎಂಜಿನಿಯರಿಂಗ್ ಸಂಸ್ಥೆ ಎನ್‌ಐಟಿಕೆಯವರು ಈ ಮಣ್ಣಿನ ಬಗ್ಗೆ ಬಹಳ ಅಧ್ಯಯನ ಮಾಡಿದ್ದಾರೆ. ಮೇಲಿನ ಮುರದ ಹೊದಿಕೆ ಇರುವವರೆಗೆ ಗುಡ್ಡೆ ನಿಂತಿರುತ್ತದೆ. ಅದನ್ನು ಕಡಿದು ಶೇಡಿಯನ್ನು ಮಳೆಗೆ ಒಡ್ಡಿದರೆ ಕುಸಿಯುತ್ತದೆ. ಮಳೆಗಾಲದಲ್ಲಿ ರಸ್ತೆ ಬದಿಯ ಗುಡ್ಡೆ ಜರಿದ ಸುದ್ದಿ ಬರುತ್ತದಲ್ಲ, ಹೆಚ್ಚಿನ ಕಡೆ ಕಥೆ ಇದೇ.

ಹಾಗಾಗಿ ಗುಡ್ಡೆ ಕಡಿಯಲಿಲ್ಲ. ಮನೆಯನ್ನೇ ಮೂರು ಮೆಟ್ಟಿಲಾಗಿ ಇಳಿಸಿದೆವು. ಮೇಲೆ ಚಾವಡಿ, ನಾಲ್ಕು ಮೆಟ್ಟಿಲು ಇಳಿದರೆ ಅಡುಗೆಮನೆ, ಮತ್ತೆ ಇಳಿದರೆ ಕೋಣೆಗಳು. ಇದರಿಂದ ಹೊರಗಿನ ನೋಟ ಅರ್ಧ ತಾನಾಗಿಯೇ ಆಯಿತು. ಒಂದು ದೊಡ್ಡ ಮಾಡಿನ ಬದಲು ಮೂರು ತಗ್ಗು ಮಾಡು, ಗುಡ್ಡೆ ಇಳಿದ ಹಾಗೆಯೇ ಇಳಿಯುತ್ತಾ. ಕೆಳಗಿನ ರಸ್ತೆಯಿಂದ ನೋಡಿದರೆ ಮನೆ ಇದೆ ಎಂದು ಗೊತ್ತಾಗುವುದೇ ಕಡಿಮೆ. ಮೆಟ್ಟಿಲುಗಳ ನಡುವೆ ಮಣ್ಣು ತಡೆಯಲು ಶಿಲೆಕಲ್ಲಿನ ಕಟ್ಟೆ, ಸಿಮೆಂಟ್ ಇಲ್ಲದೆ. ಹಿಂದೆ ಜಲ್ಲಿ ತುಂಬಿದೆವು. ಗಾರೆ ಇಲ್ಲದಿದ್ದರೆ ನೀರು ಸಂದಿಯಲ್ಲಿ ಹೊರಗೆ ಬರುತ್ತದೆ, ಹಿಂದೆ ನಿಂತು ಕಟ್ಟೆಯನ್ನು ದೂಡುವುದಿಲ್ಲ. ಮೇಲಿನ ಪಾದೆಯಿಂದ ಬರುವ ನೀರಿಗೆ ಒಂದು ಕಣಿ ತೋಡಿ ಮನೆಯನ್ನು ಸುತ್ತಿಸಿ ಹಳ್ಳಕ್ಕೆ ಬಿಟ್ಟೆವು. ಇಳಿಜಾರಿನ ಮಣ್ಣು ಹಿಡಿಯಲು ಲಾವಂಚ ನೆಟ್ಟೆವು. ಅತ್ತೆಗೆ ಅದೊಂದೇ ಪೂರ್ತಿ ಇಷ್ಟವಾದ ಕೆಲಸ. ಬೇರನ್ನು ಕುಡಿಯುವ ನೀರಿಗೆ ಹಾಕಬಹುದಲ್ಲ.

ಕಲ್ಲಿನ ವಿಷಯಕ್ಕೆ ಬರುತ್ತೇನೆ. ಇಲ್ಲಿ ಗೋಡೆ ಎಂದರೆ ಮುರಕಲ್ಲು, ಕೆಂಪುಕಲ್ಲು ಎಂದೂ ಹೇಳುತ್ತೇವೆ. ಈಗ ಹಲವರು ಸಿಮೆಂಟ್ ಬ್ಲಾಕಿನಲ್ಲಿ ಗೋಡೆ ಕಟ್ಟಿ, ಮೇಲೆ ತೆಳ್ಳಗೆ ಕೊಯ್ದ ಕೆಂಪುಕಲ್ಲಿನ ಟೈಲ್ಸ್ ಅಂಟಿಸುತ್ತಾರೆ. ಕೋರೆ ಹತ್ತಿರದಲ್ಲೇ ಇರುವಾಗ ಕಲ್ಲಿನ ವೇಷ ಯಾಕೆ? ನಮಗೆ ಸಿಕ್ಕಿದ ಕೊಟೇಶನ್ನಿನಲ್ಲಿ ಆ ಟೈಲ್ಸ್ ಅಂಟಿಸುವ ಖರ್ಚು ಗೋಡೆಗಿಂತ ಜಾಸ್ತಿ ಇತ್ತು. ಇಡೀ ಕಲ್ಲಿನಲ್ಲೇ ಕಟ್ಟೋಣ, ಹೊರಗೆ ಸಾರಣೆ ಮಾಡದೆ ಬಿಡೋಣ ಎಂದು ತೀರ್ಮಾನವಾಯಿತು.

ಸಾರಣೆ ಇಲ್ಲ ಎಂದ ತಕ್ಷಣ ಮೇಸ್ತ್ರಿಯ ಮುಖ ಗಂಭೀರವಾಯಿತು. ಸಾರಣೆ ಮಾಡುವುದಾದರೆ ಕಲ್ಲು ಹೇಗಿದ್ದರೂ ನಡೆಯುತ್ತದೆ. "ಹಾಗಾದ್ರೆ ಕಲ್ಲು ನಾನೇ ಆರಿಸ್ತೇನೆ ಅಕ್ಕಾ. ಲೋಡಲ್ಲಿ ಬಂದದ್ದೆಲ್ಲ ಆಗ್ಲಿಕ್ಕಿಲ್ಲ" ಎಂದರು. ಕೋರೆಗೆ ಅವರ ಜೊತೆ ನಾನೂ ಹೋದೆ. ಮೇಲಿನ ಪದರದ ಕಲ್ಲು ಗಟ್ಟಿ, ಬಣ್ಣ ಕಡುಗೆಂಪು. ಕೆಳಗೆ ಹೋದ ಹಾಗೆ ಮೆದು, ಬಿಳಿ ಮತ್ತು ಹಳದಿ ಮಣ್ಣಿನ ಗಂಟುಗಳು ಜಾಸ್ತಿ. ಆ ಗಂಟು ಮಳೆಗೆ ಕರಗಿ ಹೋಗುತ್ತದೆ, ಗೋಡೆಯಲ್ಲಿ ತೂತು ಉಳಿಯುತ್ತದೆ. ಮೇಸ್ತ್ರಿ ಕಲ್ಲನ್ನು ಇನ್ನೊಂದು ಕಲ್ಲಿನಿಂದ ತಟ್ಟಿ ನೋಡುತ್ತಿದ್ದರು. ಸದ್ದು ಗಟ್ಟಿ ಬಂದರೆ ಒಂದು ಕಡೆ, ಟೊಳ್ಳು ಬಂದರೆ ಇನ್ನೊಂದು ಕಡೆ. ಎರಡನೆಯ ರಾಶಿ ಒಳಗಿನ ಗೋಡೆಗೆ.

ಎಂಜಿನಿಯರಿಗೆ ಸದ್ದು ಸಾಲದು, ಅಂಕಿ ಬೇಕು. ಮುರಕಲ್ಲಿಗೂ ಐಎಸ್ 3620 ಎಂಬ ಮಾನದಂಡ ಇದೆ. ಕಲ್ಲು ತನ್ನ ತೂಕದ 12 ಶೇಕಡಕ್ಕಿಂತ ಜಾಸ್ತಿ ನೀರು ಹೀರಬಾರದು ಎನ್ನುತ್ತದೆ ಅದು. ನಾವು ಕೆಲವು ಕಲ್ಲುಗಳನ್ನು ಚೆನ್ನಾಗಿ ಒಣಗಿಸಿ ತೂಗಿ, ಒಂದು ಹಗಲು ಒಂದು ರಾತ್ರಿ ಡ್ರಮ್ಮಿನ ನೀರಿನಲ್ಲಿ ಮುಳುಗಿಸಿ, ಒರೆಸಿ ಮತ್ತೆ ತೂಗಿದೆವು. ಅಂಗಡಿಯ ತಕ್ಕಡಿ ತಂದು ಅಂಗಳದಲ್ಲಿ ಕಲ್ಲು ತೂಗುವುದು ನೋಡಿ ದಾರಿಯಲ್ಲಿ ಹೋಗುವವರಿಗೆ ನಗು. ಮೇಸ್ತ್ರಿ ತಟ್ಟಿ ಆರಿಸಿದ ಕಲ್ಲುಗಳೇ ಕಡಿಮೆ ನೀರು ಹೀರಿದವು. ಅವರು ಏನೂ ಹೇಳಲಿಲ್ಲ, ಬೀಡಿ ಹೊತ್ತಿಸಿದರು ಅಷ್ಟೇ.

ಆರಿಸಿದ ಕಲ್ಲನ್ನು ಕೂಡಲೇ ಕಟ್ಟಲಿಲ್ಲ. ಮುರ ಕೋರೆಯಿಂದ ಬರುವಾಗ ಹಸಿ, ಗಾಳಿ ಬಿಸಿಲು ತಾಗಿದ ಮೇಲೆ ಗಟ್ಟಿಯಾಗುತ್ತದೆ. ಅದರಲ್ಲಿರುವ ಕಬ್ಬಿಣದ ಅಂಶದ ಗುಣ ಅದು. ಹಿಂದಿನವರು ಕಲ್ಲು ತೆಗೆದು ರಾಶಿ ಹಾಕಿ ತಿಂಗಳುಗಟ್ಟಲೆ ಬಿಡುತ್ತಿದ್ದರು. ಈಗ ಯಾರಿಗೂ ಅಷ್ಟು ಪುರುಸೊತ್ತು ಇಲ್ಲ. ನಮಗೆ ಮಾಡಿನ ಕಬ್ಬಿಣದ ಕೆಲಸ ತಡವಾಯಿತು, ಹಾಗಾಗಿ ಕಲ್ಲಿಗೆ ರಜೆ ಸಿಕ್ಕಿತು.

ಸಂದಿ ತುಂಬುವುದರಲ್ಲೂ ಒಂದು ಸೂಕ್ಷ್ಮ ಇದೆ. ಪೇಟೆಯ ಹೋಟೆಲುಗಳಲ್ಲಿ ಸಂದಿಯನ್ನು ಒಳಗೆ ತೋಡಿ ಗ್ರೂವ್ ಮಾಡಿರುತ್ತಾರೆ. ನೆರಳು ಬಿದ್ದು ಕಲ್ಲು ಎದ್ದು ಕಾಣುತ್ತದೆ, ಚಂದವೇ. ಹೊರಗೋಡೆಗೆ ಅದು ಬೇಡ ಎಂದಳು ಆರ್ಕಿಟೆಕ್ಟ್. ಆ ಗ್ರೂವಿನ ಅಂಚಿನಲ್ಲಿ ನೀರು ನಿಲ್ಲುತ್ತದೆ, ಪಾಚಿ ಅಲ್ಲಿಂದಲೇ ಶುರು. ಕಲ್ಲಿನ ಮುಖಕ್ಕೆ ಸಮನಾಗಿ ತುಂಬಿಸಿದೆವು. ಗಾರೆಗೆ ಸ್ವಲ್ಪ ಸುಣ್ಣ, ಜೊತೆಗೆ ಕಲ್ಲಿನದೇ ಪುಡಿ. ಬಣ್ಣ ಕಲ್ಲಿಗೆ ಹೊಂದಿತು.

ಮಾಡಿಗೆ ಮಂಗಳೂರು ಹಂಚು ಎನ್ನುವುದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಇಲ್ಲಿಯ ಹಂಚು ಹಡಗು ಹತ್ತಿ ದೂರದ ದೇಶಗಳಿಗೂ ಹೋಗಿದೆ. ಈಗ ಕಾರ್ಖಾನೆಗಳು ಒಂದೊಂದೇ ಮುಚ್ಚುತ್ತಿವೆ. ಹೊಸ ಹಂಚಿನ ಬದಲು ಹಳೆ ಮನೆ ಕೆಡವಿದ ಸಾಮಾನು ಮಾರುವವರ ಹತ್ತಿರ ಹೋದೆವು. ಹಂಚಿನ ಹಿಂದೆ ಕಾರ್ಖಾನೆಯ ಹೆಸರು ಒತ್ತಿರುತ್ತದೆ. ಓದುತ್ತಾ ಕೂತರೆ ಮಧ್ಯಾಹ್ನ ಹೋದದ್ದೇ ಗೊತ್ತಾಗುವುದಿಲ್ಲ. ಬೆರಳಿನ ಗಂಟಿನಿಂದ ತಟ್ಟಿದರೆ ಠಣ್ ಎನ್ನಬೇಕು. ಬಿರುಕು ಇದ್ದರೆ ಸದ್ದು ಸತ್ತಿರುತ್ತದೆ. ಒಂದು ಕಷ್ಟ ಏನೆಂದರೆ, ಬೇರೆ ಬೇರೆ ಕಾರ್ಖಾನೆಯ ಹಂಚು ಒಂದಕ್ಕೊಂದು ಸರಿಯಾಗಿ ಕೂರುವುದಿಲ್ಲ. ಒಂದು ಮಾಡಿಗೆ ಒಂದೇ ಗುರುತಿನ ಹಂಚು ಬೇಕು. ಮೂರು ಮಾಡು ಇದ್ದದ್ದು ಇಲ್ಲಿ ಅನುಕೂಲವಾಯಿತು.

ಹಂಚು ಹೊರುವ ಪಕ್ಕಾಸು ಮತ್ತು ರೀಪು ಕಬ್ಬಿಣದ್ದು. ಮರದ್ದೇ ಬೇಕು ಎಂದು ಇವರಿಗೆ ಆಸೆ ಇತ್ತು. ದರ ಕೇಳಿ ಸುಮ್ಮನಾದರು. ಒಳಗಿನಿಂದ ಕಬ್ಬಿಣ ಕಾಣದ ಹಾಗೆ ಸೀಲಿಂಗ್ ಹಂಚು ಹಾಕಿದೆವು. ಎರಡು ಹಂಚಿನ ನಡುವೆ ಗಾಳಿ ಇರುವುದರಿಂದ ಏಪ್ರಿಲ್ ಸೆಕೆಗೂ ಒಳ್ಳೆಯದು. ಮಾಡಿನ ಇಳಿಜಾರು 30 ಡಿಗ್ರಿ. ಗೋಡೆಯಿಂದ ನಾಲ್ಕು ಅಡಿ ಹೊರಗೆ ಚಾಚಿದೆ. ಚಿತ್ರದಲ್ಲಿ ನೋಡುವಾಗ ಅಷ್ಟು ಚಾಚಿದ ಮಾಡು ನನಗೆ ಭಾರ ಎನಿಸಿತ್ತು. ಮಾಡಿನ ಅಂಚನ್ನು ತೆಳ್ಳಗೆ, ಒಂದೇ ಗೆರೆಯಲ್ಲಿ ಮುಗಿಸಿ, ಅಂಚಿನ ಮರದ ಪಟ್ಟಿಯ ಕೆತ್ತನೆ ಎಲ್ಲ ಬಿಟ್ಟ ಮೇಲೆ ಹಗುರ ಕಂಡಿತು. ಮನೆ ಹೊಸ ಕಾಲದ್ದು ಎಂದು ಗೊತ್ತಾಗುವುದು ಆ ಅಂಚಿನಲ್ಲಿಯೇ.

ಈಗ ಪಶ್ಚಿಮದ ಗೋಡೆ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ 4,000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಜುಲೈಯ ಮಳೆ ನೇರ ಬೀಳುವುದಿಲ್ಲ. ಗಾಳಿಯ ಜೊತೆ ಓರೆಯಾಗಿ ಬರುತ್ತದೆ, ನಮ್ಮ ಪಾದೆಯ ಮೇಲಂತೂ ಅಡ್ಡಡ್ಡ ಬರುತ್ತದೆ. ನಾಲ್ಕು ಅಡಿಯ ಮಾಡು ಅದನ್ನು ತಡೆಯುವುದಿಲ್ಲ. ಮುರ ಎಷ್ಟು ಒಳ್ಳೆಯದಾದರೂ ತೂತಿನ ಕಲ್ಲು. ದಿನವಿಡೀ ನೀರು ಬಡಿದರೆ ಒಳಗಿನ ಮೈಯವರೆಗೂ ತೇವ ಬರುತ್ತದೆ.

ಮೊದಲು ಮಾಡಿದ್ದು ಮನೆಯ ಬೆನ್ನನ್ನು ಪಶ್ಚಿಮಕ್ಕೆ ಹಾಕಿದ್ದು. ದೊಡ್ಡ ಗಾಜು, ಜಗಲಿ, ಬಾಗಿಲು ಎಲ್ಲ ಪೂರ್ವಕ್ಕೆ, ಘಟ್ಟದ ಕಡೆಗೆ. ನೋಟವೂ ಅಲ್ಲೇ ಇತ್ತು. ಪೂರ್ವದ ಬಾಗಿಲು ಎಂದು ಅತ್ತೆಯ ವಾಸ್ತುವೂ ಸರಿಹೋಯಿತು. ಅಷ್ಟು ಸುಲಭವಾಗಿ ಎಲ್ಲರೂ ಒಪ್ಪಿದ್ದು ಅದೊಂದೇ. ಪಶ್ಚಿಮಕ್ಕೆ ಎರಡು ಸಣ್ಣ ಕಿಟಕಿ ಮಾತ್ರ, ಒಂದೊಂದಕ್ಕೂ ಅದರದೇ ಪುಟ್ಟ ಮಾಡು. ಗೋಡೆಯನ್ನು ಏನು ಮಾಡುವುದು?

ಸಾರಣೆ ಮಾಡಿ ಪೇಂಟ್ ಹೊಡೆಯಿರಿ ಎಂದರು ಕೆಲವರು. ಒಬ್ಬ ಏಜೆಂಟ್ ಕಲ್ಲಿಗೆ ಹೊಳೆಯುವ ಕೋಟಿಂಗ್ ತೋರಿಸಿದ. ಕಲ್ಲು ಒದ್ದೆಯಾದಂತೆ ಮಿಂಚುತ್ತದೆ. ಆದರೆ ಅದು ಕಲ್ಲಿನ ಉಸಿರು ಕಟ್ಟುತ್ತದೆ. ಎಲ್ಲೋ ಒಂದು ಬಿರುಕಿನಿಂದ ಒಳಗೆ ಹೋದ ನೀರು ಹೊರಗೆ ಬರಲಾಗದೆ ಪದರವನ್ನೇ ಎಬ್ಬಿಸುತ್ತದೆ. ಅಂಥ ಒಂದು ಮನೆಯನ್ನು ನಾವೇ ನೋಡಿದ್ದೆವು. ಗೋಡೆಯ ಮೈ ಬಿಳಿ ಬಿಳಿ ಚಕ್ಕೆಯಾಗಿ ಏಳುತ್ತಿತ್ತು.

ದಾರಿ ಸಿಕ್ಕಿದ್ದು ಅತ್ತೆಯ ಮಾತಿನಿಂದ. ಅವರ ತವರಿನಲ್ಲಿ ಮಣ್ಣಿನ ಗೋಡೆ. ಪತ್ತನಾಜೆಯ ಒಳಗೆ, ಅಂದರೆ ಮೇ ಕೊನೆಯ ಹೊತ್ತಿಗೆ, ಪಡುವಣ ಗೋಡೆಗೆ ಮಡಲಿನ ತಟ್ಟಿ ಕಟ್ಟಿ ಮುಗಿಯಬೇಕಿತ್ತಂತೆ. ತೆಂಗಿನ ಮಡಲು ಹೆಣೆದು, ಬಿದಿರಿಗೆ ಬಿಗಿದು, ಗೋಡೆಯಿಂದ ಸ್ವಲ್ಪ ದೂರದಲ್ಲಿ ನಿಲ್ಲಿಸುವುದು. ಮಳೆ ತಟ್ಟಿಗೆ ಬಡಿದು ಕೆಳಗೆ ಹೋಗುತ್ತದೆ. ಒಳಗೆ ದಾಟಿದ ನಾಲ್ಕು ಹನಿ ಗಾಳಿಗೆ ಒಣಗುತ್ತದೆ. ನವರಾತ್ರಿ ಹೊತ್ತಿಗೆ ಬಿಚ್ಚಿ ಒಲೆಗೆ. "ಈಗ ಮಡಲು ಹೆಣೆಯುವವರು ಯಾರಿದ್ದಾರೆ?" ಎಂದು ಅವರೇ ಕೇಳಿದರು. ಅದನ್ನು ಕೇಳಿದ ಆರ್ಕಿಟೆಕ್ಟ್ ತಕ್ಷಣ ಪೆನ್ಸಿಲ್ ತೆಗೆದಳು. ಸುಮ್ವಿಟ್ಗಿನ ಬಿಲ್ಲೆ ಮಾಡುವುದೂ ಇದನ್ನೇ ಅಲ್ವಾ? ಮಡಲಿನ ಬದಲು, ಮರದ ಬಿಲ್ಲೆಯ ಬದಲು, ಹಂಚು. ವರ್ಷವೂ ಬಿಚ್ಚಬೇಕಾಗಿಲ್ಲ.

ಮೇಸ್ತ್ರಿಗೆ ಹೇಳಿದಾಗ ಅವರು ನನ್ನ ಮುಖವನ್ನೇ ನೋಡಿದರು. "ಹಂಚು ಮಾಡಿಗೆ ಹಾಕುದು ಅಕ್ಕಾ. ಗೋಡೆಗೆ ಹಾಕಿದ್ರೆ ಜನ ನೆಗಾಡ್ತಾರೆ."

"ಮಾಡಿನ ತ್ರಿಕೋನ ಮುಚ್ಚಲಿಕ್ಕೆ ಹಾಕುದಿಲ್ವಾ? ಅದು ಗೋಡೆಯೇ ಅಲ್ವಾ?" ಎಂದೆ.

"ಅದು ಮೇಲೆ ಉಂಟು. ಯಾರಿಗೂ ಕಾಣುದಿಲ್ಲ."

ಕಾಣುವುದೇ ಅವರ ಚಿಂತೆ. ಕೊನೆಗೆ ಒಂದು ಮೂಲೆಯಲ್ಲಿ ಸ್ವಲ್ಪ ಮಾಡಿ ನೋಡುವುದು ಎಂದಾಯಿತು. ಗೋಡೆಗೆ ನೇರ ನೇರ ಜಿಐ (ಸತು ಲೇಪಿಸಿದ ಕಬ್ಬಿಣದ) ಪಟ್ಟಿ ಬಿಗಿದೆವು. ಅದರ ಮೇಲೆ ಅಡ್ಡಕ್ಕೆ ರೀಪು, ಹಂಚಿನ ಅಳತೆಗೆ ಸರಿಯಾಗಿ. ಹಂಚಿನ ಹಿಂದಿನ ಕೊಕ್ಕೆ ರೀಪಿಗೆ ಸಿಕ್ಕಿಕೊಳ್ಳುತ್ತದೆ. ಮಾಡಿನ ಮೇಲಾದರೆ ಹಂಚು ಅದರ ಭಾರಕ್ಕೇ ಕೂರುತ್ತದೆ. ಇಲ್ಲಿ ನೇತಾಡುವುದರಿಂದ ಒಂದೊಂದನ್ನೂ ತುಕ್ಕು ಹಿಡಿಯದ ಸ್ಟೀಲ್ ತಂತಿಯಿಂದ ಕಟ್ಟಬೇಕು. ಹಂಚಿಗೂ ಕಲ್ಲಿಗೂ ನಡುವೆ ಎರಡು ಇಂಚು ಖಾಲಿ ಜಾಗ. ಕೆಳಗೆ ಮತ್ತು ಮೇಲೆ ತೆರೆದೇ ಇದೆ, ಇಲಿ ಹೋಗದ ಹಾಗೆ ಬಲೆ ಹಾಕಿದ್ದೇವೆ. ಕಿಟಕಿಯ ಸುತ್ತ ಜಿಐ ಶೀಟನ್ನು ಬಗ್ಗಿಸಿ ಕೂರಿಸುವುದು ಎಲ್ಲಕ್ಕಿಂತ ನಿಧಾನದ ಕೆಲಸ. ಅಲ್ಲಿ ಅವಸರ ಮಾಡಿದರೆ ಉಳಿದದ್ದೆಲ್ಲ ದಂಡ. ಮೇಸ್ತ್ರಿ ಆ ಮೂಲೆಗೆ ಪೈಪಿನಿಂದ ನೀರು ಬಿಟ್ಟು, ಹಿಂದೆ ಕೈ ಹಾಕಿ ನೋಡಿದರು. ಕಲ್ಲು ಒಣಗಿಯೇ ಇತ್ತು. ಆಮೇಲೆ ಅವರಿಂದ ಮಾತಿಲ್ಲ. ಇಡೀ ಗೋಡೆ ಅವರೇ ನಿಂತು ಮುಗಿಸಿದರು, ಬೇರೆಯವರಿಗೆ ಬಿಡಲಿಲ್ಲ. ಹಳೆ ಹಂಚಿನ ಬಣ್ಣ ಒಂದೇ ಇರುವುದಿಲ್ಲ. ಕಿತ್ತಳೆ, ಕಂದು, ಕೆಲವು ಅರ್ಧ ಕಪ್ಪು. ಮಾಡಿನ ಮೇಲೆ ಅದು ಯಾರಿಗೂ ಕಾಣುವುದಿಲ್ಲ. ಗೋಡೆಯ ಮೇಲೆ ಕಣ್ಣೆತ್ತರದಲ್ಲಿ ಬಂದಾಗ ಎಷ್ಟು ಚಂದ ಎಂದು ಗೊತ್ತಾಯಿತು.

ಮರದ ಹಲಗೆಯ ಆಸೆ ಏನಾಯಿತು ಎಂದರೆ, ಅದೂ ಬಂತು, ಆದರೆ ಮಳೆ ತಾಗದ ಕಡೆ ಮಾತ್ರ. ಆಲ್ಪ್ಸ್‌ನಲ್ಲಿ ಮರ ಬೂದು ಬಣ್ಣಕ್ಕೆ ತಿರುಗಿ ದಶಕಗಟ್ಟಲೆ ನಿಲ್ಲುತ್ತದೆ. ನಮ್ಮ ಸೆಕೆ ಮತ್ತು ತೇವದಲ್ಲಿ ಬೂಷ್ಟು ಬಂದು ಕಪ್ಪಾಗುತ್ತದೆ, ಆಮೇಲೆ ಒರಲೆ ಬರುತ್ತದೆ. ಪೂರ್ವದ ಜಗಲಿಯ ಒಳಗೆ, ಮಾಡಿನ ಅಡಿಯಲ್ಲಿ, ಅಕೇಶಿಯಾ ಪಟ್ಟಿಗಳನ್ನು ನಿಲುವಾಗಿ ಹಾಕಿದೆವು. ಕಿಟಕಿ ಬಾಗಿಲಿನ ದಾರಂದಕ್ಕೆ ಹೆಬ್ಬಲಸು. ಜಗಲಿಯ ಕಂಬಗಳು ಹಳೆ ಮನೆಯೊಂದರ ಕಿರಾಲುಬೋಗಿ ಮರದವು. ಆಚಾರಿಯವರ ಉಳಿ ಅದರ ಮೇಲೆ ಜಾರುತ್ತಿತ್ತು, ಅಷ್ಟು ಗಟ್ಟಿ. ಮರಕ್ಕೆ ವಾರ್ನಿಶ್ ಬದಲು ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚಿದೆವು. ದೋಣಿಗೆ, ಪಕ್ಕಾಸಿಗೆ ಹಿಂದಿನಿಂದ ಹಚ್ಚುತ್ತಾ ಬಂದದ್ದು. ಒರಲೆ ಹತ್ತಿರ ಬರುವುದಿಲ್ಲ. ಮರ ಕಪ್ಪುಗೆಂಪಾಗುತ್ತದೆ, ಅದನ್ನು ಮೊದಲೇ ಒಪ್ಪಿಕೊಂಡಿರಬೇಕು. ಕೈಗೆ ತಾಗಿದರೆ ಚರ್ಮ ಸುಟ್ಟು ಗುಳ್ಳೆ ಏಳುತ್ತದೆ, ಗ್ಲೌಸ್ ಹಾಕದೆ ಮುಟ್ಟಬೇಡಿ.

ಇನ್ನೊಂದು ಕಡೆ ಜನ ಗಮನ ಕೊಡುವುದಿಲ್ಲ, ಗೋಡೆಯ ಬುಡ. ಮಾಡಿನ ನೀರು ಅಂಗಳಕ್ಕೆ ಬಿದ್ದು ಕೆಂಪು ಮಣ್ಣನ್ನು ಹಾರಿಸುತ್ತದೆ. ಎರಡಡಿ ಎತ್ತರದವರೆಗೆ ಗೋಡೆ ಕೆಸರು. ಹಳೆ ಮನೆಗಳಲ್ಲಿ ಗೋಡೆಯ ಬುಡಕ್ಕೆ ಗೆರಟೆ ಮಸಿ ಬಳಿದು ಕಪ್ಪು ಮಾಡಿರುತ್ತಿದ್ದದ್ದು ಸುಮ್ನೆ ಅಲ್ಲ. ನಾವು ಪಂಚಾಂಗದಿಂದ, ಅಂದರೆ ಅಡಿಪಾಯದಿಂದ, ಎರಡೂವರೆ ಅಡಿಯವರೆಗೆ ಶಿಲೆಕಲ್ಲು ಕಟ್ಟಿದೆವು, ಕಾರ್ಕಳ ಕಡೆಯಿಂದ ತಂದದ್ದು. ಪಾಲಿಶ್ ಇಲ್ಲ, ಒಡೆದ ಮುಖ ಹಾಗೆಯೇ. ಮಾಡಿನ ನೀರು ಬೀಳುವ ಗೆರೆಯಲ್ಲಿ ಮಣ್ಣು ತೆಗೆದು ಜಲ್ಲಿ ಮತ್ತು ಉರುಟು ಕಲ್ಲು ತುಂಬಿದೆವು. ಗಟರ್ ಹಾಕಲಿಲ್ಲ. ಪಕ್ಕದ ಮರದ ಎಲೆ ತುಂಬಿ ಕಟ್ಟುತ್ತದೆ, ಜುಲೈಯಲ್ಲಿ ಏಣಿ ಹತ್ತುವುದು ಯಾರು?

ಮನೆ ಒಕ್ಕಲಿಗೆ (ಗೃಹಪ್ರವೇಶಕ್ಕೆ) ಬಂದವರಲ್ಲಿ ಹೆಚ್ಚಿನವರು ಒಂದೇ ಪ್ರಶ್ನೆ ಕೇಳಿದರು: "ಪೇಂಟ್ ಯಾವಾಗ?" ಇವರ ಚಿಕ್ಕಪ್ಪ ಮಾತ್ರ ಪಶ್ಚಿಮದ ಗೋಡೆಯ ಮುಂದೆ ತುಂಬ ಹೊತ್ತು ನಿಂತು, "ಮಾಡು ಜಾರಿ ಗೋಡೆಗೆ ಬಂದದ್ದೋ?" ಎಂದು ಕೇಳಿ ಊಟಕ್ಕೆ ಹೋದರು.

ಮಳೆಗಾಲ ಬಂತು. ಹಂಚಿನ ಗೋಡೆಯ ಒಳಮೈ ಜುಲೈ ತಿಂಗಳಲ್ಲೂ ಕೈಗೆ ಒಣ. ಅದರ ಹಿಂದಿನ ಕೋಣೆಯಲ್ಲಿ ಬಟ್ಟೆಗೆ ಬೂಷ್ಟು ಬರಲಿಲ್ಲ, ನಮ್ಮ ಊರಿನವರಿಗೆ ಇದು ಎಷ್ಟು ದೊಡ್ಡ ವಿಷಯ ಎಂದು ಗೊತ್ತು. ಒಂದು ರಾತ್ರಿಯ ಗಾಳಿಗೆ ಮಾಡಿನ ಹಂಚು ಕೆಲವು ಹಾರಿದವು. ಗೋಡೆಯದ್ದು ಒಂದೂ ಅಲ್ಲಾಡಲಿಲ್ಲ. ಮಂಗಗಳೂ ಮಾಡಿನ ಮೇಲೆ ಕುಣಿದು ಹಂಚು ಒಡೆಯುತ್ತವೆ, ಗೋಡೆಯದ್ದನ್ನು ಮುಟ್ಟುವುದಿಲ್ಲ. ಅದಕ್ಕೆಂದೇ ಅದೇ ಗುರುತಿನ ಹಂಚು ಒಂದಷ್ಟು ಹಿತ್ತಿಲಲ್ಲಿ ಪೇರಿಸಿಟ್ಟಿದ್ದೇವೆ. ತೊಂದರೆ ಬಂದದ್ದು ಕಣಜದಿಂದ. ಹಂಚಿನ ಹಿಂದಿನ ಖಾಲಿ ಜಾಗ ಅದಕ್ಕೆ ತುಂಬ ಹಿಡಿಸಿತು. ಬಲೆಯ ಕಣ್ಣು ಇಲಿಗೆ ಸರಿ, ಕಣಜಕ್ಕೆ ದೊಡ್ಡದು. ಈಗ ಸಣ್ಣ ಕಣ್ಣಿನ ಬಲೆ ಹಾಕಿಸಿದ್ದೇವೆ.

ದಕ್ಷಿಣದ ಗೋಡೆಯಲ್ಲಿ ಅಲ್ಲಲ್ಲಿ ಬಿಳಿ ಗಂಟು ಕರಗಿ ತೂತು ಬಿತ್ತು. ಮೇಸ್ತ್ರಿ ಬಂದು ಕಲ್ಲಿನ ಪುಡಿ ಮತ್ತು ಸುಣ್ಣ ಕಲಸಿ ಮುಚ್ಚಿ ಹೋದರು. ಒದ್ದೆಯಾದ ಮುರ ಕಾಫಿ ಬಣ್ಣಕ್ಕೆ ತಿರುಗಿತ್ತು, ದೀಪಾವಳಿ ಹೊತ್ತಿಗೆ ಮತ್ತೆ ಕೆಂಪಾಯಿತು.

ಉತ್ತರದ ಗೋಡೆಗೆ ಬಿಸಿಲು ಕಡಿಮೆ. ಆಗಸ್ಟ್‌ನಲ್ಲಿ ಅಲ್ಲಿ ಹಸಿರು ಪಾಚಿ ಬಂತು, ಕಲ್ಲಿನ ತೂತುಗಳಲ್ಲಿ ಪುಟ್ಟ ಜರಿ ಗಿಡಗಳೂ ಎದ್ದವು. ಆರ್ಕಿಟೆಕ್ಟ್ ಹೇಳುವುದು ಸಿಲೇನ್-ಸಿಲಾಕ್ಸೇನ್ ಎಂಬ ದ್ರವ ಹಚ್ಚಬಹುದು ಎಂದು. ಅದು ಮೇಲೆ ಪದರ ಕಟ್ಟುವುದಿಲ್ಲ, ಹೊಳೆಯುವುದಿಲ್ಲ. ಕಲ್ಲಿನ ತೂತಿನ ಒಳಗೆ ಹೋಗಿ ನೀರು ಹಿಡಿಯದ ಹಾಗೆ ಮಾಡುತ್ತದೆ, ಆವಿ ಹೊರಗೆ ಹೋಗಲು ಬಿಡುತ್ತದೆ. ಕಲ್ಲು ಪೂರ್ತಿ ಒಣಗಿದ ಮೇಲೆ, ಅಂದರೆ ಜನವರಿ ಫೆಬ್ರವರಿಯಲ್ಲಿ ಹಚ್ಚಬೇಕು. ಕೆಲವು ವರ್ಷಕ್ಕೊಮ್ಮೆ ಮತ್ತೆ ಹಚ್ಚಬೇಕು. ಇವರಿಗೆ ಪಾಚಿ ಕಂಡರೆ ಆಗುವುದಿಲ್ಲ, ಬ್ರಶ್ ತಂದು ಇಟ್ಟಿದ್ದಾರೆ. ಬೇರು ಇಳಿದು ಸಂದಿ ಬಿಡಿಸುತ್ತದೆ ಎನ್ನುವುದು ಅವರ ವಾದ, ಅದು ಸುಳ್ಳೂ ಅಲ್ಲ. ನನಗೆ ಜರಿ ಗಿಡ ಕೀಳಿಸಿದರೆ ಸಾಕು, ಪಾಚಿ ಇರಲಿ ಎಂದು. ಅತ್ತೆ ಸದ್ಯ ನನ್ನ ಕಡೆ ಇದ್ದಾರೆ. ದ್ರವದ ಡಬ್ಬಿ ಬಂದಿದೆ, ಇನ್ನೂ ತೆರೆದಿಲ್ಲ.